ಬಣ್ಣ ತೆಳು, ಹಿಡಿತ ಗಟ್ಟಿ: ಬರೋಲೊ ವೈನನ್ನು ಸವಿಯುವ ಬಗೆ

ಹೊರದೇಶದಲ್ಲಿ ಕೆಲಸಕ್ಕಿರುವ ಮಗನೋ ಸೊಸೆಯೋ ರಜೆಗೆ ಊರಿಗೆ ಬರುವಾಗ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಿಂದ ಒಂದು ಒಳ್ಳೆಯ ವೈನ್ ಬಾಟಲಿ ತರುವುದು ಹುಬ್ಬಳ್ಳಿ-ಧಾರವಾಡದ ಅನೇಕ ಮನೆಗಳಲ್ಲಿ ಈಗ ಹೊಸತೇನಲ್ಲ. ಹಾಗೆ ಬಂದ ಬಾಟಲಿಯ ಮೇಲೆ ಇಟಲಿಯ ರೆಡ್ ವೈನ್ ‘ಬರೋಲೊ’ದ ಹೆಸರು ಬರೆದಿದ್ದರೆ ತಂದವರು ಬೆಲೆಯನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾರೆ, ಕೇಳಿದವರು ಹುಬ್ಬೇರಿಸುತ್ತಾರೆ, ಬಿರಡೆ ತೆಗೆದು ಮೊದಲ ಗುಟುಕು ಕುಡಿದ ಮೇಲೆ ಬಹುತೇಕ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಇವರಲ್ಲಿ ಹಲವರಿಗೆ ರೆಡ್ ವೈನ್ ಎಂದರೆ ಗೋವಾಕ್ಕೆ ಹೋದಾಗ ಕೊಂಡು ತರುವ ಸಿಹಿಯಾದ ಪೋರ್ಟ್ ವೈನ್. ಅದರ ಪಕ್ಕದಲ್ಲಿಟ್ಟು ನೋಡಿದರೆ ಬರೋಲೊದ ಬಣ್ಣ ತೆಳ್ಳಗಿದೆ, ಸಿಹಿಯ ಸುಳಿವಿಲ್ಲ, ಮೇಲಾಗಿ ವಸಡಿನ ಮೇಲೆ ಒಗರು ಬಂದು ಕೂರುತ್ತದೆ. ಇಷ್ಟು ದುಡ್ಡು ಕೊಟ್ಟು ಇದನ್ನೇಕೆ ತಂದರು ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ. ಈ ಮೂರೂ ಗುಣಗಳನ್ನು ಆ ವೈನ್ ಮಾಡುವವರು ತಲೆಮಾರುಗಳಿಂದ ಬೇಕೆಂದೇ ಉಳಿಸಿಕೊಂಡು ಬಂದಿದ್ದಾರೆ. ಅವು ಎಲ್ಲಿಂದ ಬಂದವು ಎಂದು ತಿಳಿದರೆ ಗ್ಲಾಸಿನಲ್ಲಿ ಏನನ್ನು ಹುಡುಕಬೇಕು ಎಂಬುದೂ ತಿಳಿಯುತ್ತದೆ.

ಮೊದಲು ಬಣ್ಣವನ್ನು ನೋಡೋಣ. ಬಣ್ಣ ಬೇರೆ, ಖಾರ ಬೇರೆ ಎಂಬುದನ್ನು ಹಾವೇರಿ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಡಬ್ಬಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಗಾಢ ಕೆಂಪಿನಿಂದ; ಸುಕ್ಕುಗಟ್ಟಿದ ಆ ಕಾಯಿ ಕಣ್ಣಿಗೆ ಎಷ್ಟು ಕೆಂಪೋ ನಾಲಿಗೆಗೆ ಅಷ್ಟೇ ಸೌಮ್ಯ. ಬರೋಲೊದಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಗ್ಲಾಸಿನ ಆಚೆ ಬದಿಗೆ ಹಿಡಿದ ಬೆರಳು ಕಾಣುವಷ್ಟು ಅದರ ಬಣ್ಣ ತಿಳಿ, ಬಾಯಿಯಲ್ಲಿ ಮಾತ್ರ ಜಗತ್ತಿನ ಅತ್ಯಂತ ಬಿಗಿಯಾದ ರೆಡ್ ವೈನುಗಳಲ್ಲಿ ಅದೂ ಒಂದು. ಇದಕ್ಕೆ ಕಾರಣ ನೆಬ್ಬಿಯೋಲೊ ಎಂಬ ದ್ರಾಕ್ಷಿ ತಳಿ. ದ್ರಾಕ್ಷಿಯ ಸಿಪ್ಪೆಗೆ ಕೆಂಪು, ನೀಲಿ ಛಾಯೆಗಳನ್ನು ಕೊಡುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯಗಳಲ್ಲಿ ಹಲವು ಬಗೆಗಳಿವೆ. ಹೆಚ್ಚಿನ ಕೆಂಪು ತಳಿಗಳಲ್ಲಿ ಗಟ್ಟಿಯಾಗಿ ನಿಲ್ಲುವ ಮಾಲ್ವಿಡಿನ್ ಬಗೆಯದೇ ಮೇಲುಗೈ. ನೆಬ್ಬಿಯೋಲೊದಲ್ಲಿ ಗಾಳಿಗೆ ಬೇಗ ಕರಗಿಹೋಗುವ ಸಯಾನಿಡಿನ್ ಮತ್ತು ಪಿಯೊನಿಡಿನ್ ಬಗೆಗಳ ಪಾಲು ಹೆಚ್ಚು. ಆದ್ದರಿಂದ ಈ ವೈನ್ ಎಳೆಯದರಲ್ಲೇ ಮಾಣಿಕ್ಯದ ತಿಳಿಗೆಂಪಿಗೆ ಇಳಿದು, ಕೆಲವೇ ವರ್ಷಗಳಲ್ಲಿ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬೇರೊಂದು ವೈನಿನಲ್ಲಿ ಇಂಥ ಅಂಚು ಕಂಡರೆ ಅದು ಹಳತಾಗಿದೆ ಎಂದು ಊಹಿಸಬಹುದು, ಇಲ್ಲಿ ಆ ಊಹೆ ನಡೆಯದು. ಬಣ್ಣ ನೋಡಿ ಬರೋಲೊದ ಗಟ್ಟಿತನವನ್ನು ಅಳೆಯಲು ಹೊರಡುವುದೇ ವ್ಯರ್ಥ.

ಗಟ್ಟಿತನ ಇರುವುದು ಟ್ಯಾನಿನ್‌ನಲ್ಲಿ. ಅಡಿಕೆ ಅಗಿದಾಗ, ಹಾಲು ಹಾಕದ ಖಡಕ್ ಚಹಾ ಕುಡಿದಾಗ ಒಳಗೆನ್ನೆ, ವಸಡು, ನಾಲಿಗೆ ಒಣಗಿ ಬಿಗಿದುಕೊಳ್ಳುವ ಅನುಭವಕ್ಕೆ ಕಾರಣವಾಗುವುದು ಇದೇ ಜಾತಿಯ ದ್ರವ್ಯ. ನಮ್ಮ ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳು ಬಾಯಿಯ ಒಳಮೈಯನ್ನು ಸದಾ ಜಾರುವಂತೆ ಇಟ್ಟಿರುತ್ತವೆ. ಟ್ಯಾನಿನ್ ಆ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಹೆಪ್ಪುಗಟ್ಟಿಸುತ್ತದೆ, ಜಾರು ಮಾಯವಾಗಿ ಒರಟು ಉಳಿಯುತ್ತದೆ. ಹಾಗಾಗಿ ಒಗರು ಸಿಹಿ-ಹುಳಿಗಳಂತೆ ನಾಲಿಗೆಯ ರುಚಿಮೊಗ್ಗುಗಳಿಗೆ ತಾಗುವಂಥದ್ದು ಎನ್ನುವುದಕ್ಕಿಂತ ಬಾಯಿಯ ಚರ್ಮಕ್ಕೆ ತಾಗುವಂಥದ್ದು ಎನ್ನುವುದು ಸರಿ. ನೆಬ್ಬಿಯೋಲೊದ ಸಿಪ್ಪೆ, ಬೀಜಗಳೆರಡರಲ್ಲೂ ಟ್ಯಾನಿನ್ ಧಾರಾಳವಾಗಿದೆ. ಅದರ ಜೊತೆಗೆ ಈ ತಳಿಗೆ ಹುಳಿಯೂ ಹೆಚ್ಚು. ಇವೆರಡೂ ಸೇರಿದಾಗ ಎಳೆಯ ಬರೋಲೊ ಕೆಲವರಿಗೆ ಕಠೋರವೆನಿಸುವುದರಲ್ಲಿ ಆಶ್ಚರ್ಯವಿಲ್ಲ, ಆದರೆ ಆ ವೈನ್ 20-30 ವರ್ಷ ಬಾಳುವ ಶಕ್ತಿಯನ್ನು ಪಡೆಯುವುದೂ ಇವೆರಡರಿಂದಲೇ.

ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ತೋಟಗಳನ್ನು ಕಂಡವರಿಗೆ ಇಲ್ಲೊಂದು ಅನುಮಾನ ಬರಬಹುದು: ದ್ರಾಕ್ಷಿಯಲ್ಲಿ ಅಷ್ಟೊಂದು ಒಗರು ಎಲ್ಲಿಂದ? ನಾವು ತಿನ್ನುವ ಥಾಮ್ಸನ್ ಸೀಡ್‌ಲೆಸ್‌ನಂಥ ತಳಿಗಳಿಗೆ ಬೀಜವಿಲ್ಲ, ಸಿಪ್ಪೆ ತೆಳು, ತಿರುಳು ಹೆಚ್ಚು. ತಿನ್ನಲು ಮತ್ತು ಒಣದ್ರಾಕ್ಷಿ ಮಾಡಲು ಅದೇ ಬೇಕು. ವೈನಿನ ದ್ರಾಕ್ಷಿ ಸಣ್ಣದು, ಬೀಜ ಉಳ್ಳದ್ದು, ತಿರುಳಿಗೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚಿರುವಂಥದ್ದು. ಋತುಮಾನವೂ ಬೇರೆ. ನಮ್ಮ ಬಿಸಿಲಿನಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಆದ್ದರಿಂದ ಬೆಳೆಗಾರರು ಬೇಸಿಗೆಯಲ್ಲೊಮ್ಮೆ, ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಮ್ಮೆ, ಹೀಗೆ ವರ್ಷಕ್ಕೆರಡು ಬಾರಿ ಚಾಟ್ನಿ ಮಾಡಿ, ಅಂದರೆ ಕೊಂಬೆಗಳನ್ನು ಕತ್ತರಿಸಿ, ಬಳ್ಳಿಯನ್ನು ತಮ್ಮ ಲೆಕ್ಕಕ್ಕೆ ತಂದುಕೊಳ್ಳುತ್ತಾರೆ. ಬರೋಲೊ ಹುಟ್ಟುವ ಸ್ಥಳದಲ್ಲಿ ಹಿಮ ಬೀಳುತ್ತದೆ, ಬಳ್ಳಿ ಎಲೆಯುದುರಿಸಿ ಮಲಗುತ್ತದೆ, ವರ್ಷಕ್ಕೆ ಒಂದೇ ಸುತ್ತು.

ಆ ಸ್ಥಳ ಇಟಲಿಯ ವಾಯವ್ಯ ಮೂಲೆಯ ಪಿಯೆಮಾಂಟೆ ಪ್ರಾಂತದಲ್ಲಿದೆ. ತುರಿನ್ ನಗರದ ದಕ್ಷಿಣಕ್ಕಿರುವ ಆಲ್ಬಾ ಎಂಬ ಊರಿನ ಸುತ್ತ ಲಾಂಗೆ ಎಂದು ಕರೆಯುವ ಗುಡ್ಡಸಾಲು ಹಬ್ಬಿದೆ. ದೂರದಲ್ಲಿ ಆಲ್ಪ್ಸ್ ಪರ್ವತಗಳು ಕಾಣುತ್ತವೆ. ಈ ದ್ರಾಕ್ಷಿಗುಡ್ಡಗಳ ಭೂದೃಶ್ಯಕ್ಕೆ ಯುನೆಸ್ಕೋ 2014ರಲ್ಲಿ ವಿಶ್ವಪರಂಪರೆಯ ಮಾನ್ಯತೆ ಕೊಟ್ಟಿತು. ಬರೋಲೊ ಎಂಬುದು ಅಲ್ಲಿನ ಒಂದು ಪುಟ್ಟ ಹಳ್ಳಿಯ ಹೆಸರು. ಆದರೆ ಆ ಹೆಸರಿನ ವೈನನ್ನು ಮಾಡುವ ಹಕ್ಕು ಒಟ್ಟು 11 ಗ್ರಾಮಗಳಿಗಿದ್ದು, ಬಹುಪಾಲು ವೈನ್ ಬರುವುದು ಬರೋಲೊ, ಲಾ ಮೊರ್ರಾ, ಕಾಸ್ತಿಲ್ಯೋನೆ ಫಾಲೆತ್ತೊ, ಸೆರ್ರಾಲುಂಗಾ ದಾಲ್ಬಾ ಮತ್ತು ಮೊನ್‌ಫೋರ್ತೆ ದಾಲ್ಬಾ ಎಂಬ ಐದರಿಂದ. ಉಳಿದವುಗಳಲ್ಲಿ ಗ್ರಿಂಜಾನೆ ಕಾವೂರ್ ಎಂಬುದೂ ಒಂದು. ಇಟಲಿಯ ಏಕೀಕರಣದ ಶಿಲ್ಪಿ, ಮುಂದೆ ಆ ದೇಶದ ಮೊದಲ ಪ್ರಧಾನಿಯಾದ ಕಾವೂರ್ ತಾರುಣ್ಯದಲ್ಲಿ ಆ ಊರಿನ ಮೇಯರ್ ಆಗಿದ್ದು ಅಲ್ಲಿನ ದ್ರಾಕ್ಷಿ ಬೇಸಾಯದಲ್ಲಿ ಆಸಕ್ತಿ ವಹಿಸಿದ್ದರು.

ನೆಬ್ಬಿಯೋಲೊ ಆ ಸೀಮೆಯ ತಳಿಗಳಲ್ಲೆಲ್ಲ ಬೇಗ ಚಿಗುರಿ ತಡವಾಗಿ ಹಣ್ಣಾಗುವಂಥದ್ದು. ಬೇಗ ಚಿಗುರಿದ್ದಕ್ಕೆ ವಸಂತದ ಹಿಮಗಾಳಿಯ ಭಯ, ತಡವಾಗಿ ಹಣ್ಣಾಗುವುದಕ್ಕೆ ಶರತ್ಕಾಲದ ಮಳೆಯ ಭಯ. ಎರಡರ ನಡುವೆ ಅದಕ್ಕೆ ದೀರ್ಘವಾದ, ಅತಿಯಾಗಿ ಕಾಯದ ಬಿಸಿಲು ಬೇಕು. ಅದಕ್ಕಾಗಿಯೇ ರೈತರು ಗುಡ್ಡಗಳ ದಕ್ಷಿಣಕ್ಕೂ ನೈಋತ್ಯಕ್ಕೂ ಮುಖ ಮಾಡಿದ ಇಳಿಜಾರುಗಳನ್ನು ಈ ತಳಿಗೆಂದೇ ಮೀಸಲಿಟ್ಟರು. ಚಳಿಗಾಲದ ಕೊನೆಯಲ್ಲಿ ಹಿಮ ಎಲ್ಲಿ ಮೊದಲು ಕರಗುತ್ತದೆಯೋ ಅಲ್ಲಿ ನೆಬ್ಬಿಯೋಲೊ ನೆಡಬೇಕು ಎಂಬುದು ಅವರ ಹಳೆಯ ಲೆಕ್ಕ. ಈಗಿನ ಕಾನೂನು ಕೂಡ ತೋಟ ಗುಡ್ಡದ ಮೇಲೆಯೇ ಇರಬೇಕು, ಪೂರ್ತಿ ಉತ್ತರಕ್ಕೆ ಮುಖ ಮಾಡಿರಬಾರದು, ಸಮುದ್ರಮಟ್ಟದಿಂದ 170 ಮೀಟರಿಗಿಂತ ಕೆಳಗೂ 540 ಮೀಟರಿಗಿಂತ ಮೇಲೂ ಇರಬಾರದು ಎಂದು ಹೇಳುತ್ತದೆ. ಕೊಯ್ಲು ಹಿಂದೆ ಅಕ್ಟೋಬರ್ ನಡುವಿನಲ್ಲಿ, ಕಣಿವೆಯಲ್ಲಿ ಮಂಜು ತುಂಬುವ ಹೊತ್ತಿಗೆ ಆಗುತ್ತಿತ್ತು. ಹವೆ ಬಿಸಿಯಾಗುತ್ತ ಬಂದಂತೆ ಅದು ಇನ್ನೂ ಮುಂಚೆಯೇ ಆಗುತ್ತಿದೆ.

ಮಣ್ಣಿನ ವಿಚಾರಕ್ಕೆ ಬಂದರೆ, ಇಡೀ ಪ್ರದೇಶ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಅಲ್ಲಿರುವುದು ಸುಣ್ಣದಂಶ ಬೆರೆತ ಜೇಡಿಮಣ್ಣು, ನಡುನಡುವೆ ಮರಳುಗಲ್ಲಿನ ಪದರ. ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೊ ಗ್ರಾಮಗಳ ಹೆಚ್ಚಿನ ಭಾಗದಲ್ಲಿ ತುಸು ಎಳೆಯ, ನೀಲಿ-ಬೂದು ಛಾಯೆಯ ಮಣ್ಣಿದ್ದು, ಅಲ್ಲಿನ ವೈನ್ ಬೇಗ ಮೃದುವಾಗಿ ಪರಿಮಳ ತೆರೆದುಕೊಳ್ಳುತ್ತದೆ. ಪೂರ್ವದ ಸೆರ್ರಾಲುಂಗಾ ಮತ್ತು ಮೊನ್‌ಫೋರ್ತೆಗಳಲ್ಲಿ ಮಣ್ಣು ಇನ್ನೂ ಹಳೆಯದು, ಸುಣ್ಣದಂಶ ಹೆಚ್ಚು. ಅಲ್ಲಿನ ವೈನಿಗೆ ಬಿಗಿ ಹೆಚ್ಚು, ಆಯುಷ್ಯವೂ ಹೆಚ್ಚು. ಇದು ಸ್ಥೂಲವಾದ ವಿಭಾಗ, ಪ್ರತಿ ಗುಡ್ಡಕ್ಕೂ ಅಪವಾದಗಳಿವೆ. ಆದರೂ ಮೊದಲ ಬಾರಿ ಕೊಳ್ಳುವವರು ನೆನಪಿಡಲು ಯೋಗ್ಯವಾದ ಮಾಹಿತಿ ಎಂದರೆ ಇದೇ: ಬೇಗ ಕುಡಿಯುವ ಇರಾದೆ ಇದ್ದರೆ ಲಾ ಮೊರ್ರಾ, ಹತ್ತು ವರ್ಷ ಕಾಯುವ ತಾಳ್ಮೆ ಇದ್ದರೆ ಸೆರ್ರಾಲುಂಗಾ.

ಬಾಟಲಿಯ ಚೀಟಿಯ ಮೇಲೆ ಬರೋಲೊ ಎಂಬುದರ ಕೆಳಗೆ ಇನ್ನೊಂದು ಹೆಸರು ಇರುವುದುಂಟು. ಕಾನ್ನುಬಿ, ಬ್ರುನಾತೆ, ವಿನ್ಯಾ ರಿಯೊಂದಾ, ಬುಸ್ಸಿಯಾ ಮುಂತಾದವು ತೋಟದ ಹೆಸರುಗಳು. 2010ರಿಂದ ಇಂಥ ಹೆಸರುಗಳಿಗೆ ಸರ್ಕಾರಿ ಗಡಿರೇಖೆ ಬಿದ್ದು, 170 ತೋಟಭಾಗಗಳನ್ನೂ 11 ಗ್ರಾಮಗಳನ್ನೂ ಸೇರಿಸಿ 181 ಹೆಸರುಗಳ ಪಟ್ಟಿ ಸಿದ್ಧವಾಯಿತು. ತೋಟದ ಹೆಸರಿದ್ದರೆ ವೈನ್ ಶ್ರೇಷ್ಠ ಎಂದು ತಿಳಿಯಬೇಕಿಲ್ಲ. ಈ ಪಟ್ಟಿ ಜಾಗ ಯಾವುದೆಂದು ಹೇಳುತ್ತದೆ, ದರ್ಜೆ ಯಾವುದೆಂದು ಹೇಳುವುದಿಲ್ಲ. ಬುಸ್ಸಿಯಾದಂಥ ಹೆಸರಿನ ಗಡಿ ಎಷ್ಟು ವಿಶಾಲವಾಗಿದೆಯೆಂದರೆ ಅದರೊಳಗೆ ಉತ್ತಮ ಇಳಿಜಾರೂ ಸಾಧಾರಣ ಇಳಿಜಾರೂ ಎರಡೂ ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಹೊಸಬರು ತೋಟದ ಹೆಸರಿಗೆ ಹೆಚ್ಚು ಹಣ ಕೊಡುವುದಕ್ಕಿಂತ ಹಲವು ತೋಟಗಳ ಹಣ್ಣನ್ನು ಬೆರೆಸಿ ಮಾಡಿದ ಸಾದಾ ಬರೋಲೊದಿಂದ ಆರಂಭಿಸುವುದು ಒಳ್ಳೆಯದು. ಹಾಗೆ ಬೆರೆಸುವುದೇ ಆ ಊರಿನ ಹಳೆಯ ಪದ್ಧತಿಯೂ ಹೌದು.

ಕಾನೂನಿನ ಉಳಿದ ಭಾಗವನ್ನು ಚುಟುಕಾಗಿ ಹೇಳಬಹುದು. ಬರೋಲೊಗೆ 1966ರಲ್ಲಿ ಡಿಒಸಿ (ವೈನಿನ ಸ್ಥಳ ಮತ್ತು ತಯಾರಿಗೆ ಕಾನೂನಿನ ನಿಯಮ ಹಾಕುವ ದರ್ಜೆ), 1980ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ದೊರೆಯಿತು. ನೂರಕ್ಕೆ ನೂರು ನೆಬ್ಬಿಯೋಲೊ ಇರಬೇಕು, ಮದ್ಯಸಾರ ಕನಿಷ್ಠ ಶೇ. 13 ಇರಬೇಕು, ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯಬೇಕು. ‘ರಿಸೇರ್ವಾ’ ಎಂದು ಬರೆಯಬೇಕಾದರೆ 62 ತಿಂಗಳು. ಅಂದರೆ 2020ರ ಕೊಯ್ಲಿನ ವೈನ್ ಅಂಗಡಿಗೆ ಬಂದದ್ದು 2024ರಲ್ಲಿ.

ಆದರೆ ಕಾನೂನು ಎಂಥ ಪೀಪಾಯಿ ಎಂದು ಹೇಳುವುದಿಲ್ಲ, ಸಿಪ್ಪೆಯನ್ನು ರಸದಲ್ಲಿ ಎಷ್ಟು ದಿನ ನೆನೆಸಬೇಕೆಂದೂ ಹೇಳುವುದಿಲ್ಲ. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಈ ಊರುಗಳನ್ನು ಎರಡು ಪಂಗಡಗಳಾಗಿ ಒಡೆದ ಜಗಳ ಹುಟ್ಟಿದ್ದು ಇಲ್ಲಿಯೇ. ಹಳೆಯ ಪದ್ಧತಿಯಲ್ಲಿ ಹುದುಗುವಾಗ ಮೇಲೆ ತೇಲುವ ಸಿಪ್ಪೆಯ ಪದರವನ್ನು ಹಲಗೆ ಹಾಕಿ ರಸದೊಳಗೇ ಅದುಮಿಟ್ಟು ತಿಂಗಳುಗಟ್ಟಲೆ ಬಿಡುತ್ತಿದ್ದರು; ಆಮೇಲೆ ಸಾವಿರಾರು ಲೀಟರ್ ಹಿಡಿಸುವ, ಬಹುಮಟ್ಟಿಗೆ ಕ್ರೊವೇಶಿಯಾದ ಸ್ಲಾವೋನಿಯಾದಿಂದ ತಂದ ಓಕ್ ಮರದ, ಹಲವು ದಶಕ ಬಳಸಿದ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಹಳೆಯ ದೊಡ್ಡ ಪೀಪಾಯಿ ವೈನಿಗೆ ಮರದ ವಾಸನೆ ಹತ್ತಿಸುವುದಿಲ್ಲ, ನಿಧಾನವಾಗಿ ಗಾಳಿಯಾಡಿಸುತ್ತದೆ ಅಷ್ಟೇ. ಚೆನ್ನಾಗಿ ಮಾಡಿದಾಗ ಇದರಿಂದ ಗಂಭೀರವಾದ ವೈನ್ ಬರುತ್ತಿತ್ತು. ಪೀಪಾಯಿ ಶುಚಿಯಾಗಿಲ್ಲದೆ, ಹಣ್ಣು ಪೂರ್ತಿ ಮಾಗದೆ ಇದ್ದಾಗ ಒಣಗಿದ, ಒರಟಾದ, ಹಣ್ಣಿನ ಸುಳಿವೇ ಇಲ್ಲದ ವೈನ್ ಬರುತ್ತಿತ್ತು, ಮತ್ತು ಅಂಥದ್ದು ಅಪರೂಪವೇನೂ ಆಗಿರಲಿಲ್ಲ.

ಲಾ ಮೊರ್ರಾದ ಎಲಿಯೊ ಅಲ್ತಾರೆ ಎಂಬ ಯುವಕ 1970ರ ದಶಕದಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋಗಿ, ಅಲ್ಲಿನ ಸಣ್ಣ ಹಿಡುವಳಿದಾರರು ಎಷ್ಟು ಅನುಕೂಲವಾಗಿ ಬದುಕುತ್ತಿದ್ದಾರೆ ಎಂಬುದನ್ನು ಕಂಡು ಬಂದರು. 1983ರಲ್ಲಿ ಅವರು ಯಂತ್ರಗರಗಸ ಹಿಡಿದು ತಂದೆಯ ಹಳೆಯ ಪೀಪಾಯಿಗಳನ್ನು ಕತ್ತರಿಸಿ ಹಾಕಿದರು. ತಂದೆ ಅವರನ್ನು ಆಸ್ತಿಯಿಂದ ಹೊರಗಿಟ್ಟರು. ಅಲ್ತಾರೆ ಮತ್ತು ಅವರ ಜೊತೆಗಾರರು ಸಿಪ್ಪೆ ನೆನೆಸುವ ಅವಧಿಯನ್ನು ತಿಂಗಳಿನಿಂದ ದಿನಗಳಿಗೆ ಇಳಿಸಿದರು, ತಿರುಗುವ ತೊಟ್ಟಿಗಳನ್ನು ತಂದರು, ಬಾರಿಕ್ ಎಂದು ಕರೆಯುವ 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ವೈನನ್ನು ಮಾಗಿಸಿದರು. ಅವರ ಬರೋಲೊ ಬೇಗ ಕುಡಿಯಲು ಒದಗಿತು, ಬಣ್ಣ ಗಾಢವಾಯಿತು, ವೆನಿಲ್ಲಾದ ಪರಿಮಳ ಬಂತು, ಅಮೆರಿಕದ ಮಾರುಕಟ್ಟೆ ಅದನ್ನು ಎದೆಗಪ್ಪಿಕೊಂಡಿತು. ಇನ್ನೊಂದು ಬದಿಯಲ್ಲಿ ಬರೋಲೊ ಗ್ರಾಮದ ಬಾರ್ತೊಲೊ ಮಾಸ್ಕರೆಲ್ಲೊ ಹಳೆಯ ಪದ್ಧತಿಯನ್ನು ಬಿಡಲೊಪ್ಪಲಿಲ್ಲ. ಬಾಟಲಿಯ ಚೀಟಿಗಳನ್ನು ಕೈಯಾರೆ ಬರೆಯುವ ಹವ್ಯಾಸವಿದ್ದ ಅವರು ‘ಬಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ’ ಎಂಬರ್ಥದ ಒಂದು ಚೀಟಿ ಅಂಟಿಸಿ (ಬೆರ್ಲುಸ್ಕೋನಿ ಆಗ ಇಟಲಿಯ ಪ್ರಬಲ ರಾಜಕಾರಣಿ), ಪೀಪಾಯಿಯ ಜಗಳವನ್ನು ದೇಶದ ರಾಜಕೀಯದವರೆಗೂ ಒಯ್ದರು. 2005ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮಾರಿಯಾ ತೆರೆಸಾ ಅದೇ ದಾರಿಯಲ್ಲಿ ಮುಂದುವರಿದಿದ್ದಾರೆ.

ಈ ಜಗಳ ಈಗ ತಣ್ಣಗಾಗಿದೆ, ಎರಡೂ ಪಂಗಡಗಳು ಒಂದರಿಂದೊಂದು ಕಲಿತಿವೆ. ಹಳೆಯ ಪದ್ಧತಿಯವರು ಶುಚಿತ್ವವನ್ನೂ ಮಾಗಿದ ಹಣ್ಣನ್ನೂ ಪಡೆದುಕೊಂಡರು, ಹೊಸಬರು ಹೊಸ ಮರದ ಪ್ರಮಾಣವನ್ನು ಇಳಿಸಿಕೊಂಡರು. ಆದರೂ ಸವಿಯುವವರಿಗೆ ಈ ಇತಿಹಾಸ ಉಪಯುಕ್ತ. ಗ್ಲಾಸಿನಿಂದ ಮೊದಲು ಏಳುವುದು ವೆನಿಲ್ಲಾ ಅಥವಾ ಸುಟ್ಟ ಕಾಫಿಯ ವಾಸನೆಯಾಗಿದ್ದರೆ ಅದು ಹೊಸ ಮರದಿಂದ ಬಂದದ್ದು, ದ್ರಾಕ್ಷಿಯಿಂದಲ್ಲ. ನನಗೆ ಹಳೆಯ ದೊಡ್ಡ ಪೀಪಾಯಿಯ ಪಕ್ಷವೇ ಸರಿ ಎನಿಸುತ್ತದೆ; ನೆಬ್ಬಿಯೋಲೊದ ಪರಿಮಳ ಸೂಕ್ಷ್ಮವಾದದ್ದು, ಅದರ ಮೇಲೆ ವೆನಿಲ್ಲಾ ಹೊದಿಸಿದರೆ ಯಾವ ಊರಿನ ವೈನೂ ಆಗಬಹುದಾದ ಒಂದು ವೈನ್ ಮಾತ್ರ ಉಳಿಯುತ್ತದೆ.

ಇನ್ನು ಕುಡಿಯುವ ವಿಧಾನ. ಹುಬ್ಬಳ್ಳಿಯಲ್ಲಿ ಬರೋಲೊವನ್ನು ಹಾಳುಮಾಡುವ ಮೊದಲ ಸಂಗತಿ ಉಷ್ಣತೆ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಿಂದ ಬಂದದ್ದು. ಅಲ್ಲಿನ ಕೋಣೆ ಎಂದರೆ 16ರಿಂದ 18 ಡಿಗ್ರಿ. ನಮ್ಮಲ್ಲಿ ಮಾರ್ಚ್ ತಿಂಗಳ ಸಂಜೆಯ ಕೋಣೆ 30 ಡಿಗ್ರಿ ಮುಟ್ಟುತ್ತದೆ. ಆ ಬಿಸಿಯಲ್ಲಿ ಮದ್ಯಸಾರ ಮೊದಲು ಮೇಲೆದ್ದು ಮೂಗಿಗೆ ಚುಚ್ಚುತ್ತದೆ, ಹೂವಿನ ಪರಿಮಳ ಅದರಡಿ ಹೂತುಹೋಗುತ್ತದೆ. ಅತಿಯಾಗಿ ತಣ್ಣಗಾದರೂ ಕಷ್ಟವೇ, ಆಗ ಒಗರು ಎದ್ದು ಪರಿಮಳ ಮುದುಡುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟು, ಹೊರತೆಗೆದು, ಸುರಿಯುವುದು ಸರಳವಾದ ಉಪಾಯ. ಗ್ಲಾಸು ಅಗಲ ಹೊಟ್ಟೆಯದಾಗಿರಲಿ, ಬಾಯಿ ತುಸು ಕಿರಿದಾಗಿರಲಿ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಪರಿಮಳ ನಿಲ್ಲಲು ಮೇಲೆ ಖಾಲಿ ಜಾಗ ಬೇಕು. ಸ್ಟೀಲಿನ ಲೋಟದಲ್ಲಿ ಹಾಕಿ ಕೊಟ್ಟರೆ ಎಂಥ ಬರೋಲೊವೂ ಮೂಕವಾಗುತ್ತದೆ.

ಹತ್ತು ವರ್ಷದೊಳಗಿನ ಬರೋಲೊವನ್ನು ಬಾಯಗಲದ ಗಾಜಿನ ಪಾತ್ರೆಗೆ ಸುರಿದು ಒಂದೆರಡು ಗಂಟೆ ಗಾಳಿಗೆ ಬಿಟ್ಟರೆ ಅದು ಸಡಿಲಗೊಳ್ಳುತ್ತದೆ. ಇಪ್ಪತ್ತು ವರ್ಷ ದಾಟಿದ್ದಕ್ಕೆ ಅಷ್ಟು ಗಾಳಿ ಬೇಡ. ಅದರ ತಳದಲ್ಲಿ ಗಷ್ಟು ಕೂತಿರುತ್ತದೆ, ಏಕೆಂದರೆ ವರ್ಷಗಳು ಕಳೆದಂತೆ ಟ್ಯಾನಿನ್ ಮತ್ತು ವರ್ಣದ್ರವ್ಯದ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ಕೆಳಗಿಳಿಯುತ್ತವೆ. ಹಳೆಯ ವೈನ್ ಮೃದುವಾಗಲು ಇದೂ ಒಂದು ಕಾರಣ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಮರುದಿನ ಅಲುಗಾಡಿಸದೆ ನಿಧಾನವಾಗಿ ಸುರಿದು, ಕೊನೆಯ ಮಡ್ಡಿಯನ್ನು ಬಿಟ್ಟುಬಿಡಬೇಕು.

ಮೂಗಿಗೆ ಹಿಡಿದಾಗ ಏನು ಸಿಗಬೇಕು? ಬರೋಲೊ ಬಗ್ಗೆ ಬರೆಯುವವರೆಲ್ಲ ಗುಲಾಬಿ ಮತ್ತು ಡಾಂಬರು ಎನ್ನುತ್ತಾರೆ. ಕೇಳಲು ವಿಚಿತ್ರವೆನಿಸಿದರೂ ಈ ಜೋಡಿ ಸುಳ್ಳಲ್ಲ: ಮೇಲೊಂದು ಒಣಗಿದ ಹೂವಿನ ನಯವಾದ ಪರಿಮಳ, ಕೆಳಗೊಂದು ಕಪ್ಪಾದ, ತುಸು ಹೊಗೆಯಾಡುವ ವಾಸನೆ, ನಡುವೆ ಹುಳಿ ಚೆರ್ರಿ ಹಣ್ಣು. ಚೆರ್ರಿಯನ್ನು ತಾಜಾ ತಿಂದು ಬೆಳೆಯದ ನಮ್ಮವರು ಅದನ್ನು ಹುಡುಕುತ್ತ ಕಷ್ಟಪಡುವ ಅಗತ್ಯವಿಲ್ಲ. ಗುಲ್ಕಂದ, ಜ್ಯೇಷ್ಠಮಧು, ಲವಂಗ, ಒಣ ಎಲೆ, ಮೊದಲ ಮಳೆ ಬಿದ್ದ ನೆಲ, ಇವುಗಳಲ್ಲಿ ಯಾವುದು ನೆನಪಾದರೂ ಅದನ್ನೇ ಹೇಳಬಹುದು; ಪರಿಮಳಕ್ಕೆ ಹೆಸರಿಡುವುದು ನೆನಪಿನ ಕೆಲಸವಾದ್ದರಿಂದ ಬೇರೆಯವರ ಪಟ್ಟಿಯನ್ನು ಉರುಹೊಡೆದು ಪ್ರಯೋಜನವಿಲ್ಲ. ವೈನ್ ಹಳತಾದಂತೆ ಹೂವು, ಹಣ್ಣುಗಳು ಹಿಂದೆ ಸರಿದು ತೊಗಲು, ಅಣಬೆ, ತಂಬಾಕಿನ ಎಲೆಯ ಪರಿಮಳಗಳು ಮುಂದೆ ಬರುತ್ತವೆ. ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸಿ, ಕೆಳಗಿಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಮೊದಲಿನ ಪರಿಮಳವೇ ಇರುವುದಿಲ್ಲ. ಹೀಗೆ ಬದಲಾಗುತ್ತ ಹೋಗುವುದು ಈ ವೈನಿನ ಬೆಲೆಯಲ್ಲಿ ಬಹುದೊಡ್ಡ ಪಾಲು.

ಗುಟುಕನ್ನು ನೇರವಾಗಿ ನುಂಗದೆ ಬಾಯಿಯಲ್ಲಿ ಎಲ್ಲ ಕಡೆ ಆಡಿಸಬೇಕು. ಮೊದಲು ಹುಳಿ ಬಂದು ಕೆನ್ನೆಯ ಎರಡೂ ಬದಿಗಳಲ್ಲಿ ನೀರೂರುತ್ತದೆ. ಅದರ ಬೆನ್ನಿಗೆ ಒಗರು ಬಂದು ಅದೇ ನೀರನ್ನು ಒಣಗಿಸುತ್ತದೆ. ಈ ಎಳೆದಾಟವೇ ಬರೋಲೊದ ಬೆನ್ನೆಲುಬು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಗರು ಎಷ್ಟಿದೆ ಎಂಬುದಕ್ಕಿಂತ ಅದು ಎಂಥದ್ದು ಎಂಬುದು. ಸಾಧಾರಣ ವೈನಿನ ಒಗರು ಗರಗಸದಂತೆ ಒಂದು ಕಡೆ ಕೊರೆಯುತ್ತದೆ, ಕಹಿಯನ್ನು ಉಳಿಸುತ್ತದೆ. ಉತ್ತಮ ಬರೋಲೊದಲ್ಲಿ ಅದು ಸಣ್ಣ ಹಿಟ್ಟಿನಷ್ಟು ನಯವಾಗಿ ಇಡೀ ಬಾಯಿಗೆ ಸಮನಾಗಿ ಹರಡುತ್ತದೆ. ಆಮೇಲೆ ನುಂಗಿ, ಮಾತಾಡದೆ, ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಎಷ್ಟು ಹೊತ್ತು ಮರಳಿ ಬರುತ್ತದೆ ಎಂದು ಗಮನಿಸಬೇಕು. ಸಾಧಾರಣ ವೈನ್ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ, ಶ್ರೇಷ್ಠವಾದದ್ದು ಅರ್ಧ ನಿಮಿಷ ದಾಟಿಯೂ ಗುಲಾಬಿಯನ್ನೋ ಜ್ಯೇಷ್ಠಮಧುವನ್ನೋ ಮತ್ತೆ ಮತ್ತೆ ತಂದುಕೊಡುತ್ತದೆ. ನೂರಕ್ಕೆ ಇಷ್ಟು ಅಂಕ ಎಂದು ವಿಮರ್ಶಕರು ಕೊಡುವ ಸಂಖ್ಯೆಗಿಂತ ಈ ಉಳಿಕೆಯ ಅವಧಿ ನಂಬಲರ್ಹವಾದ ಅಳತೆ ಎಂದು ನಾನು ತಿಳಿಯುತ್ತೇನೆ.

ಊಟದ ಜೊತೆ ಇದು ಬೇರೆಯೇ ವೈನಾಗುತ್ತದೆ. ಟ್ಯಾನಿನ್‌ಗೆ ಅಂಟಿಕೊಳ್ಳಲು ಆಹಾರದ ಪ್ರೋಟೀನ್ ಸಿಕ್ಕರೆ ಅದು ಜೊಲ್ಲಿನ ಪ್ರೋಟೀನನ್ನು ಬಿಡುತ್ತದೆ. ಚಹಾಕ್ಕೆ ಹಾಲು ಬಿದ್ದಾಗ ಒಗರು ತಗ್ಗುವುದೂ ಇದರಿಂದಲೇ. ಪಿಯೆಮಾಂಟೆಯವರು ನಿಧಾನವಾಗಿ ಬೇಯಿಸಿದ ಮಾಂಸ, ಬಲಿತ ಚೀಸ್, ಬೆಣ್ಣೆ ಹಾಕಿದ ಮೊಟ್ಟೆಯ ಶ್ಯಾವಿಗೆ, ಶರತ್ಕಾಲದಲ್ಲಿ ಅದರ ಮೇಲೆ ತುರಿದ ಆಲ್ಬಾದ ಬಿಳಿ ಟ್ರಫಲ್ ಅಣಬೆ, ಇವುಗಳೊಂದಿಗೆ ಬರೋಲೊ ಕುಡಿಯುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಒದಗುವ ಪದಾರ್ಥಗಳಿಗೆ ಕೊರತೆಯಿಲ್ಲ, ತೊಡಕಿರುವುದು ಖಾರದಲ್ಲಿ. ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ನರಗಳನ್ನು ಮದ್ಯಸಾರ ಇನ್ನಷ್ಟು ಚುರುಕುಗೊಳಿಸುತ್ತದೆ, ಶೇ. 14ರ ಆಸುಪಾಸು ಮದ್ಯಸಾರವಿರುವ ಬರೋಲೊದ ಜೊತೆ ಸವಜಿ ಮಟನ್ನಿನಂಥ ಉರಿಯುವ ಖಾರ ತಿಂದರೆ ಖಾರವೂ ಹೆಚ್ಚುತ್ತದೆ, ಒಗರೂ ಹೆಚ್ಚುತ್ತದೆ, ಎರಡರ ರುಚಿಯೂ ಕೆಡುತ್ತದೆ. ಅದೇ ಮಟನ್ನನ್ನು ಖಾರ ಕಡಿಮೆ ಮಾಡಿ, ಹುರಿದ ಈರುಳ್ಳಿ, ಕೊಬ್ಬರಿ, ಗಸಗಸೆಗಳ ಮಸಾಲೆಯಲ್ಲಿ ನಿಧಾನವಾಗಿ ಬೇಯಿಸಿದರೆ ಹೊಂದುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಶೇಂಗಾ, ಎಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ ಈ ವೈನಿಗೆ ಆಶ್ಚರ್ಯವೆನಿಸುವಷ್ಟು ಒಗ್ಗುತ್ತದೆ. ಅದರ ಎಣ್ಣೆ ಮತ್ತು ಶೇಂಗಾ ಒಗರನ್ನು ಹೀರಿಕೊಳ್ಳುತ್ತವೆ, ಜೋಳದ ರೊಟ್ಟಿಯ ಸಪ್ಪೆತನ ನಡುನಡುವೆ ಬಾಯಿಯನ್ನು ತಿಳಿಗೊಳಿಸುತ್ತದೆ. ಬೆಲ್ಲ, ಹುಣಸೆ ಹೆಚ್ಚು ಬಿದ್ದರೆ ಮಾತ್ರ ವೈನ್ ತೆಳುವಾಗಿ ಕಾಣುತ್ತದೆ. ಧಾರವಾಡ ಪೇಢೆಯನ್ನು ಇದರ ಜೊತೆ ಇಡುವ ಉತ್ಸಾಹಿಗಳಿದ್ದಾರೆ; ಸಿಹಿ ತಿಂದ ಬಾಯಿಗೆ ಬರೋಲೊ ಬರಿಯ ಹುಳಿ ನೀರಾಗುತ್ತದೆ, ಪೇಢೆಯನ್ನು ಚಹಾಕ್ಕೇ ಬಿಟ್ಟುಬಿಡುವುದು ಲೇಸು.

ಕೊಳ್ಳುವಾಗ ವರ್ಷವನ್ನು ನೋಡುವುದು ಒಳ್ಳೆಯದು. 2010, 2013 ಮತ್ತು 2016 ಬರೋಲೊಗೆ ಉತ್ತಮ ವರ್ಷಗಳೆಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಇವು ಇನ್ನೂ ಬಹುಕಾಲ ಬಾಳುವಂಥವು. 2014 ಮಳೆಯ ವರ್ಷ, 2017 ಬಿಸಿಲಿನ ವರ್ಷ. 2002ರಲ್ಲಿ ಆಲಿಕಲ್ಲು ಮಳೆ ತೋಟಗಳನ್ನು ಬಡಿದದ್ದರಿಂದ ಹಲವು ಉತ್ಪಾದಕರು ಆ ವರ್ಷ ಬರೋಲೊವನ್ನೇ ಮಾಡಲಿಲ್ಲ. ಆದರೆ ಸಾಮಾನ್ಯ ವರ್ಷದಲ್ಲಿ ಒಳ್ಳೆಯ ಕೈ ಮಾಡಿದ ವೈನ್ ಒಳ್ಳೆಯ ವರ್ಷದಲ್ಲಿ ಅಸಡ್ಡೆಯಿಂದ ಮಾಡಿದ್ದಕ್ಕಿಂತ ಮೇಲು.

ಬರೋಲೊಗೆ ನೇರವಾಗಿ ಹಣ ಸುರಿಯುವ ಮುನ್ನ ನಾಲಿಗೆಯನ್ನು ಪಳಗಿಸಿಕೊಳ್ಳಬೇಕೆನ್ನುವವರಿಗೆ ಎರಡು ದಾರಿಗಳಿವೆ. ಅದೇ ಗುಡ್ಡಗಳ ನೆಬ್ಬಿಯೋಲೊದಿಂದ ಮಾಡಿ, ಕಡಿಮೆ ಕಾಲ ಮಾಗಿಸಿ, ಕಡಿಮೆ ಬೆಲೆಗೆ ಮಾರುವ ‘ಲಾಂಗೆ ನೆಬ್ಬಿಯೋಲೊ’ ಒಂದು. ಇನ್ನೊಂದು ಮನೆಗೆ ಹತ್ತಿರದ್ದು: ಗದಗದ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಕೃಸ್ಮಾ ಎಸ್ಟೇಟ್ಸ್‌ನವರು ಕ್ಯಾಬರ್ನೆ ಸೋವಿನ್ಯೋ, ಸಾಂಜೊವೇಸೆ ತಳಿಗಳನ್ನು ಬೆಳೆದು ಸಿಹಿಯಿಲ್ಲದ ರೆಡ್ ವೈನ್ ಮಾಡುತ್ತಾರೆ. ಸಿಹಿ ಪೋರ್ಟ್ ವೈನಿನಿಂದ ಒಮ್ಮೆಲೇ ಬರೋಲೊಗೆ ಜಿಗಿಯುವ ಬದಲು ನಡುವೆ ಇಂಥದ್ದನ್ನು ಊಟದ ಜೊತೆ ಕುಡಿದು ನೋಡಿದರೆ ಒಗರು, ಹುಳಿಗಳ ಪರಿಚಯ ಆಗಿರುತ್ತದೆ.

ತಂದ ಬಾಟಲಿಯನ್ನು ವರ್ಷಗಟ್ಟಲೆ ಇಡಬೇಕೆಂದರೆ ನಮ್ಮ ಹವೆಯಲ್ಲಿ ಅದು ಸುಲಭವಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 35 ಡಿಗ್ರಿ ದಾಟುವ ಮನೆಯ ಶೋಕೇಸಿನಲ್ಲಿ, ಅದರಲ್ಲೂ ದೀಪದ ಕೆಳಗೆ, ನಿಲ್ಲಿಸಿಟ್ಟ ಬರೋಲೊ ಒಂದೆರಡು ಬೇಸಿಗೆಗಳಲ್ಲಿ ಬೆಂದ ಹಣ್ಣಿನ ವಾಸನೆಗೆ ತಿರುಗುತ್ತದೆ; ಬಿಸಿಗೆ ಹಿಗ್ಗಿದ ವೈನ್ ಬಿರಡೆಯನ್ನು ದಬ್ಬಿ ಗಾಳಿಗೆ ದಾರಿ ಮಾಡಿಕೊಡುತ್ತದೆ. 12ರಿಂದ 14 ಡಿಗ್ರಿಯ, ಕತ್ತಲೆಯ, ಅಲುಗಾಟವಿಲ್ಲದ ಜಾಗದಲ್ಲಿ ಅಡ್ಡಲಾಗಿ ಮಲಗಿಸಿಡುವ ಅನುಕೂಲ ಇಲ್ಲದವರು ಬೇಸಿಗೆ ಬರುವ ಮೊದಲೇ ಅದನ್ನು ತೆರೆದುಬಿಡುವುದು ಮೇಲು. ತೆರೆದ ಬಾಟಲಿಯನ್ನು ಒಂದೇ ರಾತ್ರಿ ಮುಗಿಸಬೇಕೆಂಬ ಒತ್ತಾಯವೂ ಇಲ್ಲ. ಅರ್ಧ ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಸಂಜೆ ಅರ್ಧ ಗಂಟೆ ಮುಂಚೆ ಹೊರತೆಗೆದರೆ ಎಳೆಯ ಬರೋಲೊ ಮೊದಲ ದಿನಕ್ಕಿಂತ ಸೊಗಸಾಗಿರುವುದು ಸಾಮಾನ್ಯ; ಹಳೆಯದು ಹಾಗಲ್ಲ, ಅದನ್ನು ತೆರೆದ ದಿನವೇ ನಾಲ್ಕಾರು ಜನ ಹಂಚಿಕೊಂಡು ಮುಗಿಸಬೇಕು.